ಬೇಕರ್ ಅವರನ್ನು ಮೆಚ್ಚುವುದು ಹೇಗೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾಡಿನೊಳಗೆ, ಬೇರ್ ರನ್ ಎಂಬ ಹಳ್ಳದ ಮೇಲೆ ಒಂದು ಮನೆಯಿದೆ. ಪಿಟ್ಸ್‌ಬರ್ಗ್ ನಗರದ ವರ್ತಕ ಎಡ್ಗರ್ ಕೌಫ್‌ಮನ್ ಅವರ ಕುಟುಂಬಕ್ಕಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಅದನ್ನು ರೂಪಿಸಿದರು. 1937ರ ಹೊತ್ತಿಗೆ ಮುಖ್ಯ ಕಟ್ಟಡ ಪೂರ್ಣಗೊಂಡಿತು. ಜಲಪಾತ ಎದುರಿಗೆ ಕಾಣುವಂಥ ಮನೆಯನ್ನು ಯಜಮಾನರು ನಿರೀಕ್ಷಿಸಿದ್ದರು. ರೈಟ್ ಮನೆಯನ್ನು ಜಲಪಾತದ ನೆತ್ತಿಯ ಮೇಲೆಯೇ ತಂದು ಕೂರಿಸಿದರು. ‘ಫಾಲಿಂಗ್ ವಾಟರ್’ ಎಂದು ಹೆಸರಾದ ಈ ಮನೆಯ ಚಿತ್ರವಿಲ್ಲದ ವಾಸ್ತುಶಿಲ್ಪದ ಪುಸ್ತಕ ಸಿಗುವುದು ಕಷ್ಟ. 2019ರಲ್ಲಿ ರೈಟ್ ಅವರ ಇತರ ಏಳು ಕಟ್ಟಡಗಳೊಂದಿಗೆ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿತು. ಕೆಳಗೆ ನೊರೆಯಾಗಿ ಧುಮುಕುವ ನೀರು, ಮೇಲೆ ಗಾಳಿಯಲ್ಲಿ ಚಾಚಿಕೊಂಡ ಕಾಂಕ್ರೀಟಿನ ಜಗಲಿಗಳು: ನೋಡಿದವರು ಮರೆಯಲಾರದ ದೃಶ್ಯ ಅದು.

ಆದರೆ ಚಿತ್ರ ಹೇಳುವುದು ಅರ್ಧ ಕಥೆಯನ್ನು ಮಾತ್ರ. ಗೋಡೆಯ ಕಲ್ಲನ್ನು ರೈಟ್ ಅದೇ ನೆಲದಿಂದ ತೆಗೆಸಿದರು. ಅಲ್ಲಿದ್ದ ಬಂಡೆಯನ್ನು ಒಡೆಯದೆ ಮನೆಯೊಳಗಿನ ಅಗ್ಗಿಷ್ಟಿಕೆಯ ಮುಂದೆ ಹಾಗೆಯೇ ಉಳಿಸಿದರು. ಇದು ಮೆಚ್ಚತಕ್ಕದ್ದೇ. ಎಲ್ಲರ ಕಣ್ಣು ಸೆಳೆಯುವ ಆ ಚಾಚು ಜಗಲಿಗಳಾದರೋ ಮೊದಲಿನಿಂದಲೇ ಬಾಗತೊಡಗಿದವು. ಆರು ದಶಕಗಳಲ್ಲಿ ಮುಖ್ಯ ಜಗಲಿಯ ತುದಿ ಸುಮಾರು ಏಳು ಅಂಗುಲ ಕುಸಿಯಿತು. ಕೊನೆಗೆ 2002ರಲ್ಲಿ ನೆಲದ ಕೆಳಗೆ ಉಕ್ಕಿನ ಹಗ್ಗಗಳನ್ನು ಬಿಗಿದು ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಇನ್ನೂ ಮುಖ್ಯವಾದುದೊಂದಿದೆ. ಕೌಫ್‌ಮನ್ ಅವರ ಮಗ 1963ರಲ್ಲಿ ಈ ಮನೆಯನ್ನು ಒಪ್ಪಿಸಿದ್ದು ಯಾವುದೋ ಕಲಾಸಂಸ್ಥೆಗಲ್ಲ, ಪಶ್ಚಿಮ ಪೆನ್ಸಿಲ್ವೇನಿಯಾದ ನಿಸರ್ಗ ಸಂರಕ್ಷಣಾ ಸಂಸ್ಥೆಯೊಂದಕ್ಕೆ. ಮನೆಯ ಸುತ್ತಲಿನ ಸುಮಾರು ಐದು ಸಾವಿರ ಎಕರೆ ಕಾಡು ಇಂದು ಆ ಸಂಸ್ಥೆಯ ರಕ್ಷಣೆಯಲ್ಲಿದೆ. ಹಳ್ಳದಲ್ಲಿ ವರ್ಷವಿಡೀ ನೀರಿರುವುದು ಆ ಕಾಡಿನಿಂದ. ನೀರಿಲ್ಲದ ಹಳ್ಳದ ಮೇಲೆ ಆ ಮನೆಗೆ ಏನು ಹೆಸರಿಡುತ್ತಿದ್ದರೋ!

ಜಗತ್ತಿನಾದ್ಯಂತ ಅದನ್ನು ಅನುಕರಿಸುವವರು ಮನೆಯನ್ನು ಎತ್ತಿಕೊಳ್ಳುತ್ತಾರೆ, ಕಾಡನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಪ್ರಸಿದ್ಧ ವಾಸ್ತುಶಿಲ್ಪಿಗಳನ್ನು ಮೆಚ್ಚುವ ರೂಢಿಯಲ್ಲೇ ಇರುವ ದೋಷ ಇದು. ಮೆಚ್ಚುಗೆ ಹುಟ್ಟುವುದು ಛಾಯಾಚಿತ್ರದಿಂದ. ಛಾಯಾಚಿತ್ರದಲ್ಲಿ ಕಲ್ಲಿನ ಕ್ವಾರಿ ಇರುವುದಿಲ್ಲ, ಇಟ್ಟಿಗೆಯ ಭಟ್ಟಿ ಇರುವುದಿಲ್ಲ, ಮರಳು ತೆಗೆದ ಹೊಳೆ ಇರುವುದಿಲ್ಲ. ಗಾರೆ ಕಲಸಿದವರಂತೂ ಇರುವುದೇ ಇಲ್ಲ. ಉಳಿಯುವುದು ಆಕಾರ ಒಂದೇ, ಮತ್ತು ಅದರ ಪಕ್ಕದಲ್ಲಿ ಒಂದು ಹೆಸರು.

ಈ ರೂಢಿಗೆ ಸಿಕ್ಕಿ ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾದವರು ಬಹುಶಃ ಲಾರಿ ಬೇಕರ್. ಭಾರತದಲ್ಲಿ ಪರಿಸರದ ಮಾತು ಬಂದಾಗಲೆಲ್ಲ ನೆನೆಯಲಾಗುವ ವಾಸ್ತುಶಿಲ್ಪಿ ಅವರು. ತಿರುವನಂತಪುರದಲ್ಲಿ ಅವರು ಕಟ್ಟಿದ ಕೆಂಪಿಟ್ಟಿಗೆಯ ಜಾಲಂದ್ರ ಗೋಡೆಗಳು, ವಕ್ರವಾಗಿ ಬಳುಕುವ ಕೋಣೆಗಳು ಇಂದು ಎಷ್ಟು ಪರಿಚಿತವೆಂದರೆ, ‘ಬೇಕರ್ ಮಾದರಿ’ ಎಂಬುದು ಒಂದು ಅಲಂಕಾರದ ಹೆಸರೇ ಆಗಿಹೋಗಿದೆ. ರೈಟ್ ಅವರನ್ನು ಆಕಾರಕ್ಕಾಗಿ ಮೆಚ್ಚಿದರೆ ಅವರ ಆತ್ಮಕ್ಕೆ ಬೇಸರವಾಗದು. ಅವರು ಆಕಾರದ ಮಾಂತ್ರಿಕರೇ ಹೌದು. ಬೇಕರ್ ಅವರ ಮಾತು ಬೇರೆ. ಅವರ ಕಟ್ಟಡಗಳಲ್ಲಿ ಕಾಣುವ ಪ್ರತಿಯೊಂದು ಆಕಾರವೂ ಯಾವುದೋ ಒಂದನ್ನು ಬೇಡವೆಂದದ್ದರ ಫಲ. ಆ ‘ಬೇಡ’ವನ್ನು ಬಿಟ್ಟು ಆಕಾರವನ್ನು ಮಾತ್ರ ಮೆಚ್ಚುವುದು ಅವರನ್ನು ತಿರಸ್ಕರಿಸುವುದಕ್ಕೆ ಸಮ.

ಅವರು ಕಲಿತದ್ದು ಎಲ್ಲಿ ಎಂಬುದರಿಂದಲೇ ಇದು ಅರ್ಥವಾಗುತ್ತದೆ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಜನಿಸಿ, ಅಲ್ಲಿಯೇ ವಾಸ್ತುಶಿಲ್ಪದ ಶಿಕ್ಷಣ ಪಡೆದ ಬೇಕರ್ ಕ್ವೇಕರ್ ಪಂಥದವರು, ಯುದ್ಧವಿರೋಧಿ. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯದೆ ವೈದ್ಯಕೀಯ ಶುಶ್ರೂಷಾ ತಂಡವನ್ನು ಸೇರಿ ಚೀನಾಕ್ಕೆ ಹೋದರು. ಅಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ಊರಿಗೆ ಹಿಂದಿರುಗುವ ದಾರಿಯಲ್ಲಿ ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಗಿ ಬಂದಾಗ ಗಾಂಧೀಜಿಯವರ ಭೇಟಿಯಾಯಿತು. ಆದರ್ಶ ಗ್ರಾಮದ ಆದರ್ಶ ಮನೆಯನ್ನು ಅದರ ಐದು ಮೈಲಿ ಸುತ್ತಳತೆಯಲ್ಲಿ ಸಿಗುವ ವಸ್ತುಗಳಿಂದಲೇ ಕಟ್ಟಬೇಕು ಎಂಬ ಗಾಂಧೀಜಿಯ ಮಾತನ್ನು ಬೇಕರ್ ಬದುಕಿನುದ್ದಕ್ಕೂ ಹೇಳುತ್ತಿದ್ದರು. ಕೇಳಿದಾಗ ಅದು ಅತಿ ಎನ್ನಿಸಿತ್ತೆಂದೂ, ವರ್ಷಗಳು ಕಳೆದಂತೆ ಅದಕ್ಕಿಂತ ವಿವೇಕದ ಮಾತಿಲ್ಲವೆನ್ನಿಸಿತೆಂದೂ ಅವರ ಅನುಭವ.

1945ರಲ್ಲಿ ಅವರು ಮತ್ತೆ ಭಾರತಕ್ಕೆ ಬಂದರು. ಕುಷ್ಠರೋಗಿಗಳ ಆಶ್ರಯತಾಣಗಳನ್ನು ಆಸ್ಪತ್ರೆಗಳಾಗಿ ಮಾರ್ಪಡಿಸುವ ಕೆಲಸ ಅವರದಾಗಿತ್ತು. 1948ರಲ್ಲಿ ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾದರು. ನವದಂಪತಿ ಪ್ರವಾಸಕ್ಕೆಂದು ಹೋದದ್ದು ಹಿಮಾಲಯದ ತಪ್ಪಲಿನ ಪಿಥೋರಾಗಢಕ್ಕೆ. ವೈದ್ಯರು ಬಂದಿದ್ದಾರೆಂಬ ಸುದ್ದಿ ಗುಡ್ಡದಿಂದ ಗುಡ್ಡಕ್ಕೆ ಹರಡಿ ರೋಗಿಗಳು ಬರತೊಡಗಿದರು. ಪ್ರವಾಸಕ್ಕೆ ಹೋದವರು ಹದಿನಾರು ವರ್ಷ ಅಲ್ಲಿಯೇ ಉಳಿದರು.

ಈ ಹದಿನಾರು ವರ್ಷಗಳನ್ನು ಬೇಕರ್ ಅವರ ಅಭಿಮಾನಿಗಳು ಒಂದೆರಡು ಸಾಲಿನಲ್ಲಿ ಮುಗಿಸುವುದೇ ಹೆಚ್ಚು. ಅಲ್ಲಿ ಚಿತ್ರ ತೆಗೆಯಲು ಯೋಗ್ಯವಾದ ಪ್ರಸಿದ್ಧ ಕಟ್ಟಡವಿಲ್ಲವಲ್ಲ! ವಾಸ್ತವದಲ್ಲಿ ಅವರ ನಿಜವಾದ ವಿದ್ಯಾಲಯ ಆ ಗುಡ್ಡಗಾಡೇ. ಬರ್ಮಿಂಗ್‌ಹ್ಯಾಂನ ಪಠ್ಯಗಳಲ್ಲಿ ಗೆದ್ದಲು, ಮುಂಗಾರು, ಹಸಿಮಣ್ಣು, ಸಗಣಿ ಇವುಗಳ ಪ್ರಸ್ತಾಪವೇ ಇರಲಿಲ್ಲ. ಪಿಥೋರಾಗಢದ ರೈತರು ಅಕ್ಷರ ಕಲಿಯದೆಯೂ ಇಳಿಜಾರಿನ ಮೇಲೆ ಕಲ್ಲು, ಮಣ್ಣು, ಮರಗಳಿಂದ ಚಳಿಗೂ ಮಳೆಗೂ ಹಿಮಕ್ಕೂ ಜಗ್ಗದ ಮನೆಗಳನ್ನು ಕಟ್ಟುತ್ತಿದ್ದರು. ಒಂದೊಂದು ಕಲ್ಲು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು, ಏಕೆಂದರೆ ಅದನ್ನು ಹೊತ್ತು ತಂದವರು ಅವರೇ. ಆಧುನಿಕ ವಾಸ್ತುಶಿಲ್ಪಿ ಇವರಿಗೆ ಕಲಿಸುವುದೇನೂ ಇಲ್ಲ, ಇವರಿಂದ ಕಲಿಯುವುದೇ ಎಲ್ಲ ಎಂಬ ತೀರ್ಮಾನಕ್ಕೆ ಬೇಕರ್ ಬಂದದ್ದು ಇಲ್ಲಿಯೇ. ಪದವಿ ಪಡೆದ ಮೇಲೆ ಮತ್ತೆ ವಿದ್ಯಾರ್ಥಿಯಾಗಲು ಒಪ್ಪುವವರು ಎಲ್ಲ ಕಾಲದಲ್ಲೂ ವಿರಳ.

1963ರಲ್ಲಿ ದಂಪತಿ ಕೇರಳದ ಮಲೆಸೀಮೆಯಾದ ವಾಗಮಣ್‌ಗೆ ಬಂದರು, ಅನಂತರ ತಿರುವನಂತಪುರಕ್ಕೆ. ಅಲ್ಲಿ ಮುಖ್ಯಮಂತ್ರಿ ಅಚ್ಯುತ ಮೇನನ್ ಮತ್ತು ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಬೆಂಬಲದಿಂದ 1970ರ ದಶಕದ ಆರಂಭದಲ್ಲಿ ಕೈಗೆ ಬಂದ ಕೆಲಸವೇ ಉಳ್ಳೂರಿನ ‘ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್’. ಸುಮಾರು ಹತ್ತು ಎಕರೆಯ ಮರಗಳಿಂದ ತುಂಬಿದ ಏರುತಗ್ಗಿನ ನೆಲ. ಬೇರೆ ಯಾರಾದರೂ ಮೊದಲು ಮಾಡುತ್ತಿದ್ದ ಕೆಲಸ ನೆಲವನ್ನು ಸಮತಟ್ಟು ಮಾಡುವುದು. ಬೇಕರ್ ನೆಲವನ್ನು ಮುಟ್ಟಲಿಲ್ಲ, ಕಟ್ಟಡಗಳನ್ನೇ ಏರುತಗ್ಗಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಮರ ಅಡ್ಡ ಬಂದಲ್ಲಿ ಮರವನ್ನು ಕಡಿಯದೆ ಗೋಡೆಯನ್ನು ಬಾಗಿಸಿದರು.

ಗೋಡೆ ಬಾಗುವುದಕ್ಕೆ ಇನ್ನೊಂದು ಕಾರಣವೂ ಇತ್ತು; ಅದು ಸೌಂದರ್ಯದ್ದಲ್ಲ, ಲೆಕ್ಕದ್ದು. ನೂರು ಚದರ ಅಡಿಯ ಚೌಕ ಕೋಣೆಗೆ ನಲವತ್ತು ಅಡಿ ಗೋಡೆ ಬೇಕು. ಅದೇ ನೂರು ಚದರ ಅಡಿಯನ್ನು ವೃತ್ತವಾಗಿ ಸುತ್ತಿದರೆ ಮೂವತ್ತೈದೂವರೆ ಅಡಿ ಸಾಕು. ಬಾಗಿದ ಗೋಡೆ ತನ್ನ ಬಾಗಿನಿಂದಲೇ ಬಲ ಪಡೆಯುವುದರಿಂದ ತೆಳುವಾಗಿದ್ದರೂ ನಿಲ್ಲುತ್ತದೆ. ಅಂದರೆ ಇಟ್ಟಿಗೆಯ ಉಳಿತಾಯ ಎರಡು ಬಾರಿ. ಮೆಚ್ಚುವವರು ಬಾಗನ್ನು ನೋಡಿ ಕಾವ್ಯವೆನ್ನುತ್ತಾರೆ; ಅದು ಭಟ್ಟಿಯಲ್ಲಿ ಉರಿಯದೆ ಉಳಿದ ಸೌದೆ.

ಅವರ ಉಳಿದ ವಿಧಾನಗಳೂ ಹೀಗೆಯೇ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಇಲಿಬೋನಿನಂಥ ಪೊಳ್ಳು ಬಿಟ್ಟು ಕಟ್ಟುವ ‘ರ‍್ಯಾಟ್ ಟ್ರ್ಯಾಪ್ ಬಾಂಡ್’ ಪದ್ಧತಿಯಲ್ಲಿ ಗೋಡೆಯ ದಪ್ಪ ಅಷ್ಟೇ ಇದ್ದು ಇಟ್ಟಿಗೆ ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ. ಒಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಕಿಟಕಿಗೆ ಚೌಕಟ್ಟು, ಸರಳು, ಗಾಜು, ತಿರುಗಣಿ ಎಲ್ಲ ಸೇರಿ ಅಷ್ಟೇ ಅಗಲದ ಗೋಡೆಗಿಂತ ಹಲವು ಪಟ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಿ, ಗಾಳಿ ಬೆಳಕು ಮಾತ್ರ ಬೇಕಾದ ಕಡೆ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲಂದ್ರ ಮಾಡಿದರು. ಕಿಟಕಿ ಬೇಕೇ ಬೇಕೆಂದಲ್ಲಿ ಮೇಲೊಂದು ಕೆಳಗೊಂದು ಗೂಟದ ಮೇಲೆ ತಿರುಗುವ ಒಂದೇ ಹಲಗೆ. ಬಾಗಿಲ ಮೇಲೆ ಕಾಂಕ್ರೀಟಿನ ಲಿಂಟಲಿಗೆ ಬದಲು ಇಟ್ಟಿಗೆಯ ಕಮಾನು. ಗೋಡೆಗೆ ಗಿಲಾವೂ ಇಲ್ಲ, ಬಣ್ಣವೂ ಇಲ್ಲ; ಗಿಲಾವೊಂದೇ ಕಟ್ಟಡದ ಖರ್ಚಿನ ಸುಮಾರು ಹತ್ತನೆಯ ಒಂದು ಭಾಗ, ಮೇಲೆ ಕೆಲವು ವರ್ಷಗಳಿಗೊಮ್ಮೆ ಬಳಿಯಬೇಕಾದ ಬಣ್ಣ ಬೇರೆ.

ಅವರ ಚಾವಣಿಯೊಳಗೆ ಕರ್ನಾಟಕದ ಪಾಲೂ ಇದೆ. ಕಾಂಕ್ರೀಟ್ ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಕಬ್ಬಿಣವೇ ಹೊರತು ಕಾಂಕ್ರೀಟ್ ಅಲ್ಲ. ಅಲ್ಲಿ ಕಾಂಕ್ರೀಟ್ ಬರಿಯ ಭಾರ. ಆ ಜಾಗದಲ್ಲಿ ಒಡೆದ, ಬಳಸಿ ಬಿಟ್ಟ ಮಂಗಳೂರು ಹೆಂಚುಗಳನ್ನು ಇಟ್ಟು ಬೇಕರ್ ‘ಫಿಲ್ಲರ್ ಸ್ಲ್ಯಾಬ್’ ಹಾಕಿದರು. ಸಿಮೆಂಟ್, ಕಬ್ಬಿಣ ಎರಡೂ ಉಳಿದವು, ಕೋಣೆ ತಂಪಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಹೊಳೆದಂಡೆಗಳ ಜೇಡಿಮಣ್ಣು ಸುಟ್ಟ ಹೆಂಚಾಗಿ ದೇಶದೇಶಗಳಿಗೆ ಹೋಗಿದೆ. ತಾರಸಿ ಮನೆಯ ಮೋಹದಲ್ಲಿ ಮಲೆನಾಡು, ಕರಾವಳಿಗಳು ತಾವೇ ಇಳಿಸಿ ಮೂಲೆಗೆ ಒಟ್ಟಿದ ಆ ಹೆಂಚನ್ನು ಬೇಕರ್ ತಾರಸಿಯೊಳಗೇ ಸೇರಿಸಿದರು.

ಇಷ್ಟೆಲ್ಲ ಉಳಿಸಿದ ಹಣ ಎಲ್ಲಿಗೆ ಹೋಯಿತು? ಒಂದು ಪಾಲು ಮನೆಯವರಲ್ಲೇ ಉಳಿಯಿತು. ಇನ್ನೊಂದು ಪಾಲು ಕೂಲಿಯಾಯಿತು. ಕಮಾನು ಕಟ್ಟಲು, ಜಾಲಂದ್ರ ಜೋಡಿಸಲು ಸಾಮಗ್ರಿ ಕಡಿಮೆ ಬೇಕು, ಕೈಕೆಲಸ ಹೆಚ್ಚು ಬೇಕು. ಸಿಮೆಂಟಿಗೆ ಕೊಟ್ಟ ಹಣ ದೂರದ ಕಾರ್ಖಾನೆಗೆ ಹೋಗುತ್ತದೆ, ಮೇಸ್ತ್ರಿಗೆ ಕೊಟ್ಟ ಹಣ ಊರಿನ ಅಂಗಡಿಗೆ ಬರುತ್ತದೆ. ಇದನ್ನು ಬೇಕರ್ ಉದ್ದೇಶಪೂರ್ವಕವಾಗಿಯೇ ಮಾಡಿದರು. ದೊಡ್ಡ ಕಚೇರಿ ಇಟ್ಟುಕೊಳ್ಳದೆ, ಉಪಯೋಗಿಸಿ ಬಿಟ್ಟ ಕಾಗದದ ಬೆನ್ನಿನ ಮೇಲೆ ನಕ್ಷೆ ಬರೆದು, ದಿನವೂ ಕೆಲಸದ ಜಾಗದಲ್ಲಿ ನಿಂತು ಮೇಸ್ತ್ರಿಗಳೊಂದಿಗೆ ಮಾತಾಡುತ್ತಾ ಕಟ್ಟಿಸಿದರು. ವಾಸ್ತುಶಿಲ್ಪಿಯ ಶುಲ್ಕವನ್ನು ಕಟ್ಟಡದ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿ ಕೊಡುವ ಪದ್ಧತಿ ಇರುವವರೆಗೆ, ವೆಚ್ಚ ತಗ್ಗಿಸುವವನು ತನ್ನ ಅನ್ನಕ್ಕೇ ಕಲ್ಲು ಹಾಕಿಕೊಂಡಂತೆ. ಬೇಕರ್ ಅವರನ್ನು ಮೆಚ್ಚಿ ಭಾಷಣ ಮಾಡುವ ಸಭೆಗಳಲ್ಲಿ ಈ ಶುಲ್ಕದ ಮಾತು ಏಳುವುದಿಲ್ಲವೆಂಬುದು ವಿಚಿತ್ರವೇನಲ್ಲ.

ತಿರುವನಂತಪುರದ ರೈಲು ನಿಲ್ದಾಣದ ಬಳಿ, ತಂಬಾನೂರಿನಲ್ಲಿ, ಕಾಫಿ ಕಾರ್ಮಿಕರ ಸಹಕಾರ ಸಂಘದ ಇಂಡಿಯನ್ ಕಾಫಿ ಹೌಸ್ ಇದೆ. ಕಿರಿದಾದ ಜಾಗದಲ್ಲಿ ಸುರುಳಿಯಾಗಿ ಮೇಲೇರುವ ಒಂದೇ ಓಣಿಯೇ ಹೋಟೆಲು, ಹೊರಗೋಡೆಯೆಲ್ಲ ಜಾಲಂದ್ರ. ಬೇಕರ್ ಅವರ ಹೆಸರು ಕೇಳದವರೂ ಅಲ್ಲಿ ದಿನವೂ ತಿಂಡಿ ತಿಂದು ಹೋಗುತ್ತಾರೆ. ನಗರದ ಚೆಂಗಲ್‌ಚೂಳ ಕೊಳೆಗೇರಿಯ ನಿವಾಸಿಗಳಿಗೂ, ಕಡಲತಡಿಯ ಮೀನುಗಾರರಿಗೂ ಅವರು ಮನೆ ರೂಪಿಸಿದರು. 1985ರಲ್ಲಿ ಹುಟ್ಟಿದ ‘ಕಾಸ್ಟ್‌ಫೋರ್ಡ್’ ಸಂಸ್ಥೆಯ ಮೂಲಕ ಈ ವಿಧಾನಗಳು ಕೇರಳದ ಹಳ್ಳಿಗಳಿಗೆ ಹರಡಿದವು. ಬೇಕರ್ ಸ್ವತಃ ಬರೆದು, ಚಿತ್ರಿಸಿದ ಪುಟ್ಟ ಕೈಪಿಡಿಗಳು ಅಗ್ಗದ ಬೆಲೆಗೆ ಸಿಗುವಂತಾದವು. 1990ರಲ್ಲಿ ಪದ್ಮಶ್ರೀ ಬಂತು. 2007ರ ಏಪ್ರಿಲ್ 1ರಂದು, ತೊಂಬತ್ತರ ವಯಸ್ಸಿನಲ್ಲಿ, ಅವರು ತಿರುವನಂತಪುರದಲ್ಲೇ ತೀರಿಕೊಂಡರು.

ಹಾಗಾದರೆ ಬೇಕರ್ ಪ್ರಶ್ನಾತೀತರೇ? ಅಲ್ಲ. ಪರಿಸರದ ದೃಷ್ಟಿಯಿಂದ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಅವರ ಕೀರ್ತಿಯೆಲ್ಲ ನಿಂತಿರುವುದು ಸುಟ್ಟ ಇಟ್ಟಿಗೆಯ ಮೇಲೆ. ಇಟ್ಟಿಗೆಗೆ ಬೇಕಾದ ಜೇಡಿ ಬರುವುದು ಗದ್ದೆಯಿಂದ. ಮೇಲ್ಮಣ್ಣು ಹೋದ ಗದ್ದೆ ಮತ್ತೆ ಗದ್ದೆಯಾಗಲು ತಲೆಮಾರುಗಳೇ ಬೇಕು. ಮಣ್ಣು ತೆಗೆದ ಹೊಂಡದಲ್ಲಿ ನೀರು ನಿಂತು ಸುತ್ತಲಿನ ಬೇಸಾಯವೂ ಕೆಡುತ್ತದೆ. ಭಟ್ಟಿ ಉರಿಸಲು ಸೌದೆ ಬೇರೆ. ಹೊಳೆಯ ಮರಳು ತೆಗೆಯುವುದನ್ನು ನಿಯಂತ್ರಿಸಲು ಕೇರಳವು 2001ರಲ್ಲಿ ಒಂದು ಕಾಯಿದೆ ಮಾಡಬೇಕಾಯಿತು. ಭತ್ತದ ಗದ್ದೆ ಮತ್ತು ಜೌಗುಭೂಮಿಗಳ ರಕ್ಷಣೆಗೆ 2008ರಲ್ಲಿ ಇನ್ನೊಂದು. ಕಟ್ಟಡಗಳ ಹಸಿವು ಹೊಳೆ, ಗದ್ದೆಗಳನ್ನು ಎಲ್ಲಿಗೆ ತಂದು ನಿಲ್ಲಿಸಿತ್ತೆಂಬುದಕ್ಕೆ ಈ ಎರಡು ಕಾಯಿದೆಗಳೇ ಸಾಕ್ಷಿ. ಒಬ್ಬ ಬೇಕರ್ ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಸಿದ್ದರಿಂದ ಆ ಹಸಿವು ಅಡಗಲಿಲ್ಲ.

ಬೇಕರ್ ಇದನ್ನು ಅರಿಯದವರಾಗಿರಲಿಲ್ಲ. ಒಂದೊಂದು ಸಾಮಗ್ರಿಯನ್ನು ತಯಾರಿಸಲು ಎಷ್ಟು ಇಂಧನ ಸುಡುತ್ತದೆಂಬ ಲೆಕ್ಕವನ್ನು ಭಾರತದಲ್ಲಿ ಇತರರಿಗಿಂತ ಮೊದಲೇ ಕೇಳಿದವರ ಸಾಲಿನಲ್ಲಿ ಅವರಿದ್ದಾರೆ. ಸುಡದ ಮಣ್ಣೇ ಎಲ್ಲಕ್ಕಿಂತ ಮೇಲೆಂದು ವಾದಿಸಿ, ಮಣ್ಣಿನ ಮನೆಯ ಬಗೆಗೇ ಒಂದು ಕೈಪಿಡಿ ಬರೆದರು. ಮಣ್ಣಿನ ಮನೆಗೆ ಗಿರಾಕಿಗಳು ಒಪ್ಪದಿದ್ದುದು ಅವರ ತಪ್ಪಲ್ಲ. ಮಣ್ಣಿನ ಗೋಡೆಯೆಂದರೆ ಬಡತನ, ಇಟ್ಟಿಗೆಯ ಗೋಡೆಯೆಂದರೆ ಅಭಿರುಚಿ ಎಂದು ಭಾವಿಸುವ ಮಧ್ಯಮವರ್ಗವೇ ಅವರನ್ನು ಹೆಚ್ಚು ಮೆಚ್ಚಿದ್ದು. ಕೆಂಪು ಬಣ್ಣ ಪ್ರಸಿದ್ಧವಾಯಿತು, ಕೈಪಿಡಿ ಮೂಲೆಗೆ ಬಿತ್ತು.

ಮೆಚ್ಚುಗೆಯು ಈಗ ತಲುಪಿರುವ ಹಂತ ಇನ್ನೂ ಸೊಗಸು! ಕಾಂಕ್ರೀಟಿನ ಕಂಬ, ತೊಲೆಗಳನ್ನು ಎಬ್ಬಿಸಿ, ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ತುಂಬಿಸಿ, ಗಿಲಾವು ಮಾಡಿ, ಅದರ ಮೇಲೆ ಇಟ್ಟಿಗೆಯಂತೆ ಕಾಣುವ ತೆಳು ಬಿಲ್ಲೆಗಳನ್ನು ಅಂಟಿಸಲಾಗುತ್ತದೆ. ಗಿಲಾವು ಉಳಿಸಲೆಂದು ಹುಟ್ಟಿದ ನೋಟವನ್ನು ಗಿಲಾವಿನ ಮೇಲೆ ಅಂಟಿಸುವುದಕ್ಕೆ ಹೆಚ್ಚುವರಿ ಹಣ! ಇಂಥ ಕಟ್ಟಡಕ್ಕೂ ‘ಬೇಕರ್ ಮಾದರಿ’ ಎಂಬ ಹೆಸರು ಸಲ್ಲುತ್ತದೆ. ಹೋಂಸ್ಟೇಯಾದರೆ ‘ಪರಿಸರಸ್ನೇಹಿ’ ಎಂಬ ಇನ್ನೊಂದು ಬಿರುದು. ಅದರೊಳಗಿನ ಸಿಮೆಂಟಿಗಾಗಿ ಸೇಡಂ, ವಾಡಿಗಳಂಥ ಕಡೆ ಸುಣ್ಣದಕಲ್ಲು ಸುಟ್ಟಿರುತ್ತದೆ, ಕಬ್ಬಿಣಕ್ಕಾಗಿ ಸಂಡೂರಿನಂಥ ಕಡೆ ಬೆಟ್ಟ ಅಗೆದಿರುತ್ತದೆ. ಗಣಿಗಾರಿಕೆಯನ್ನು ವಿರೋಧಿಸುವ ಮನೆಗಳ ಸ್ಲ್ಯಾಬಿನೊಳಗೂ ಕಬ್ಬಿಣವಿದೆ ಎಂಬ ಮಾತು ಚಳವಳಿಯ ಗೆಳೆಯರಿಗೆ ಹಿತವಾಗದಿರಬಹುದು, ಆದರೆ ಅದೂ ನಿಜ.

ಇನ್ನು ಜಾಲಂದ್ರದ ವಿಷಯ. ತಿರುವನಂತಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,800 ಮಿಲಿಮೀಟರ್. ಸೆಕೆ ಅಲ್ಲಿನ ಮುಖ್ಯ ಬಾಧೆ, ಗಾಳಿ ಅಲ್ಲಿನ ಮುಖ್ಯ ಅಗತ್ಯ. ಆಗುಂಬೆಯಲ್ಲಿ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಜೂನ್, ಜುಲೈಗಳಲ್ಲಿ ಅಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡ ಹೊಡೆಯುವುದೇ ಹೆಚ್ಚು. ಬೋಳು ಇಟ್ಟಿಗೆಯ ಜಾಲಂದ್ರ ಗೋಡೆಯನ್ನು ಅಲ್ಲಿ ಕಟ್ಟಿದರೆ ಮೊದಲ ಮಳೆಗಾಲದಲ್ಲೇ ಹಾಸಿಗೆ ಒದ್ದೆ, ಎರಡನೆಯದಕ್ಕೆ ಗೋಡೆಯ ತುಂಬ ಹಾವಸೆ. ಅಲ್ಲಿನ ಹಿರಿಯರು ಸೂರನ್ನು ಮೊಳಗಟ್ಟಲೆ ಹೊರಚಾಚಿದರು. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಮಣ್ಣಿನ ಗೋಡೆಯನ್ನು ಮರೆಮಾಡಿದರು. ಸಿಗುವ ಕಡೆ ಚಿರೆಕಲ್ಲನ್ನು ಕಡಿದು ತಳಪಾಯದಿಂದ ಗೋಡೆಯವರೆಗೆ ಬಳಸಿದರು. ಬೇಕರ್ ಆಗುಂಬೆಗೆ ಬಂದಿದ್ದರೆ ತಮ್ಮ ಜಾಲಂದ್ರವನ್ನು ಹೊತ್ತು ತರುತ್ತಿರಲಿಲ್ಲ. ಆ ತಟ್ಟಿಯನ್ನು ಯಾರು ಹೆಣೆದರು, ಹೇಗೆ ಹೆಣೆದರು ಎಂದು ವಿಚಾರಿಸುತ್ತಿದ್ದರು. ಪಿಥೋರಾಗಢದಲ್ಲಿ ಮಾಡಿದ್ದೂ ಅದನ್ನೇ ತಾನೆ?

ಕರ್ನಾಟಕದಲ್ಲಿ ಅಂಥ ವಿಚಾರಣೆಗೆ ಒಂದು ಪರಂಪರೆಯೂ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ನೆಲೆಯೂರಿ ಗ್ರಾಮೀಣ ತಂತ್ರಜ್ಞಾನವನ್ನು ಪರೀಕ್ಷೆಗೊಡ್ಡಿತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಬಳಸಬಹುದಾದ ಇಟ್ಟಿಗೆಯನ್ನು ಬಳಕೆಗೆ ತಂದರು. ತಳಪಾಯಕ್ಕೆಂದು ತೋಡಿದ ಮಣ್ಣೇ ಗೋಡೆಯಾಗುವ ಈ ವಿಧಾನದಲ್ಲಿ ಸೌದೆಯೂ ಬೇಡ, ಗದ್ದೆಯೂ ಬೇಡ. ಬೇಕರ್ ಅವರ ಪ್ರಶ್ನೆಗೆ ಬೇಕರ್ ಅವರಿಗಿಂತ ಒಂದು ಹೆಜ್ಜೆ ಮುಂದಿನ ಉತ್ತರವಿದು. ಇದರ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಳ್ಳುವವರು ಕಡಿಮೆ.

ಗುಡ್ಡಗಾಡಿನ ಜನ ಬೇಕರ್ ಅವರಿಂದ ಪಡೆಯಬೇಕಾದ ಅತಿ ತುರ್ತಿನ ಪಾಠವಾದರೋ ಇಟ್ಟಿಗೆಯದೂ ಅಲ್ಲ, ಮಣ್ಣಿನದೂ ಅಲ್ಲ, ಇಳಿಜಾರಿನದು. ಕಟ್ಟಡದ ವೆಚ್ಚ ತಗ್ಗಿಸುವ ಬಗೆಗಿನ ಅವರ ಕೈಪಿಡಿಯಲ್ಲಿ ಸರಳ ಗೆರೆಚಿತ್ರಗಳಿವೆ: ಇಳಿಜಾರಿನಲ್ಲಿ ಮನೆಯನ್ನು ಸಮೋನ್ನತ ರೇಖೆಗೆ ಅಡ್ಡಲಾಗಿ ಇಟ್ಟರೆ ಎಷ್ಟು ಅಗೆಯಬೇಕು, ಎಷ್ಟು ತುಂಬಬೇಕು, ರೇಖೆಯ ಗುಂಟ ಉದ್ದಕ್ಕೆ ಇಟ್ಟರೆ ಅದೇ ಕೆಲಸ ಎಷ್ಟು ಕಡಿಮೆಯಾಗುತ್ತದೆ. ನಾಲಂಚಿರದ ಕಡಿದಾದ ಕಲ್ಲುಗುಡ್ಡದ ಮೇಲೆ ತಮಗಾಗಿ ಕಟ್ಟಿಕೊಂಡ ‘ಹ್ಯಾಮ್ಲೆಟ್’ ಎಂಬ ಮನೆಯಲ್ಲಿ ಅವರು ಇದನ್ನು ತಾವೇ ಪಾಲಿಸಿದರು. ಬಂಡೆ ಇದ್ದಲ್ಲಿ ಇತ್ತು, ಮರ ಇದ್ದಲ್ಲಿ ಇತ್ತು. ಹಳೆಯ ಕಟ್ಟಡಗಳಿಂದ ಬಂದ ಮರಮುಟ್ಟು, ಗೋಡೆಯಲ್ಲಿ ಹೂತ ಬಾಟಲಿಗಳು, ವರ್ಷಕ್ಕೊಂದಿಷ್ಟರಂತೆ ಬೆಳೆದ ಕೋಣೆಗಳು. ಬುಲ್‌ಡೋಜರಿಗೆ ಅಲ್ಲಿ ಕೆಲಸವಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಮಳೆಯ ಜೊತೆಗೆ ಇಳಿಜಾರನ್ನು ನೆಟ್ಟಗೆ ಕಡಿದ ರಸ್ತೆ, ಕಟ್ಟಡಗಳೂ ಕಾರಣವೆಂದು ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದರು. ಕೆಂಪಿಟ್ಟಿಗೆಯ ಮುಖವಿದ್ದರೂ, ಹುಲ್ಲಿನ ಮಾಡಿದ್ದರೂ, ಯಾವ ಪ್ರಸಿದ್ಧ ವಾಸ್ತುಶಿಲ್ಪಿಯ ಸಹಿಯಿದ್ದರೂ, ಗುಡ್ಡದ ಬುಡ ಕಡಿದು ಮಾಡಿದ ಸಮತಟ್ಟಿನ ಮೇಲೆ ನಿಂತ ಕಟ್ಟಡಕ್ಕೆ ಮಳೆ ರಿಯಾಯಿತಿ ಕೊಡುವುದಿಲ್ಲ.

ಆದ್ದರಿಂದ ಮಲೆನಾಡಿನ ಗ್ರಾಮ ಪಂಚಾಯತಿಗಳ ಮುಂದೆ ರೆಸಾರ್ಟಿನದೋ ಹೋಂಸ್ಟೇಯದೋ ನಕ್ಷೆ ಬಂದಾಗ ಸದಸ್ಯರು ಕಟ್ಟಡದ ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು ಕೆಲವು ಪ್ರಶ್ನೆಗಳನ್ನು ಕೇಳಬೇಕು. ನಕ್ಷೆಯಲ್ಲಿ ಸಮೋನ್ನತ ರೇಖೆಗಳಿವೆಯೇ? ಎಷ್ಟು ಅಡಿ ಎತ್ತರಕ್ಕೆ ಗುಡ್ಡ ಕಡಿಯಲಾಗುತ್ತದೆ, ಆ ಮಣ್ಣನ್ನು ಎಲ್ಲಿಗೆ ಸುರಿಯಲಾಗುತ್ತದೆ? ಜುಲೈ ತಿಂಗಳ ನೀರು ಈಗ ಯಾವ ದಾರಿಯಲ್ಲಿ ಇಳಿಯುತ್ತಿದೆ, ಕಟ್ಟಡ ಬಂದ ಮೇಲೆ ಯಾವ ದಾರಿ ಹಿಡಿಯುತ್ತದೆ? ಕಲ್ಲು, ಮರಳು, ಇಟ್ಟಿಗೆ ಯಾವ ಊರಿನಿಂದ ಬರುತ್ತವೆ? ಇವುಗಳಿಗೆ ಉತ್ತರ ಬರೆದುಕೊಡಲು ವಾಸ್ತುಶಿಲ್ಪಿಗೆ ಒಂದು ಮಳೆಗಾಲದ ಕಾಲಾವಕಾಶ ಕೊಟ್ಟರೂ ತಪ್ಪಿಲ್ಲ. ಆ ಮಳೆಗಾಲವನ್ನು ಅವರು ಅದೇ ಗುಡ್ಡದ ಮೇಲೆ ನಿಂತು ನೋಡಲಿ.